ಪ್ರಬಂಧ ಮುಗಿಯಿತು, ಊರಿನವರಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿನಿ. ಕುಂಬಳೆ ಸುತ್ತಮುತ್ತ ಬೀಡಿ ಕಟ್ಟುವ ಹೆಂಗಸರ ಬಿಪಿ ಬಗ್ಗೆ ಪ್ರಬಂಧ ಮುಗಿಸಿದ್ದೇನೆ. ಅದನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಬರೆಯುವುದು ಹೇಗೆ? ಜರ್ನಲ್‌ಗೆ (ಸಂಶೋಧನಾ ಪತ್ರಿಕೆಗೆ) ಕಳಿಸುವ ಮೊದಲೇ ಬರೆದರೆ ತೊಂದರೆಯಿದೆಯೇ?
— ಓದುಗರೊಬ್ಬರು, ಕಾಸರಗೋಡು

ಉತ್ತರ: ಪೀಠಿಕೆಯಿಂದ ಶುರು ಮಾಡಬೇಡಿ. 'ರಕ್ತದೊತ್ತಡ ಜಾಗತಿಕ ಸಮಸ್ಯೆ' ಎಂದು ತೊಡಗಿದರೆ ಓದುಗರು ಅಲ್ಲೇ ಪುಟ ತಿರುವುತ್ತಾರೆ. ನಿಮಗೆ ಸಿಕ್ಕಿದ ಒಂದೇ ಒಂದು ಸಂಗತಿಯನ್ನು ಎರಡು ವಾಕ್ಯದಲ್ಲಿ ಹೇಳಿ. ಉಳಿದದ್ದೆಲ್ಲ ಅದರ ಬೆನ್ನಿಗೆ ಬರಲಿ. 700–800 ಪದ ಧಾರಾಳವಾಯಿತು.

ಎಡವುವುದು ಸಂಖ್ಯೆಗಳಲ್ಲಿ. ಉದಾಹರಣೆಗೆ, 200 ಮಂದಿಯಲ್ಲಿ 60 ಮಂದಿಗೆ ಬಿಪಿ ಹೆಚ್ಚಿತ್ತು ಎನ್ನೋಣ. ನೀವು ನೋಡಿದ್ದು ಎಲ್ಲರನ್ನೂ ಅಲ್ಲ, ಕೆಲವರನ್ನಷ್ಟೇ. ಹಾಗಾಗಿ 'ಶೇ. 30' ಎಂದು ನಿಲ್ಲಿಸದೆ, 'ನೂರರಲ್ಲಿ ಸುಮಾರು 24ರಿಂದ 36 ಮಂದಿಗೆ ಇರಬಹುದು' ಎಂದು ಬರೆಯಿರಿ. ನೋಡಿದ್ದು 50 ಮಂದಿಯನ್ನು ಮಾತ್ರವಾಗಿದ್ದರೆ ಅದೇ ಶೇ. 30 ಎಂಬುದು 17ರಿಂದ 43ರವರೆಗೆ ಹಿಗ್ಗುತ್ತದೆ. ಅಳೆದ ಬಗೆಯನ್ನೂ ಹೇಳಿ: ಐದು ನಿಮಿಷ ಸುಮ್ಮನೆ ಕೂರಿಸಿದಿರಾ, ಎಷ್ಟು ಸಲ ನೋಡಿದಿರಿ, ತೋಳಿಗೆ ತಕ್ಕ ಪಟ್ಟಿ ಇತ್ತೇ? ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಂದೇ ದಿನ 140/90 ದಾಟಿದವರನ್ನೆಲ್ಲ 'ಬಿಪಿ ರೋಗಿಗಳು' ಎನ್ನಬೇಡಿ.

'ಬೀಡಿ ಕಟ್ಟಿದ್ದರಿಂದ ಬಿಪಿ ಬಂತು' ಎಂಬ ಶೀರ್ಷಿಕೆಯಂತೂ ಬೇಡವೇ ಬೇಡ. ಒಂದೇ ಸಲ ಹೋಗಿ ನೋಡಿ ಬಂದ ಅಧ್ಯಯನದಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದಿಲ್ಲ. ಪ್ರಾಯ, ಉಪ್ಪು, ಮನೆತನದ ಕಾಯಿಲೆ ಎಲ್ಲವೂ ನಡುವೆ ಬರುತ್ತವೆ. ಬೀಡಿ ಕಟ್ಟದವರನ್ನು ಹೋಲಿಕೆಗೆ ತೆಗೆದುಕೊಂಡಿಲ್ಲವಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಲೇಖನದ ತೂಕ ಅದರಿಂದ ಕಡಿಮೆಯಾಗದು.

ಹೆಸರು ಬದಲಿಸಿದರೆ ಗುಟ್ಟು ಉಳಿಯಿತು ಎಂದುಕೊಳ್ಳುವವರೇ ಹೆಚ್ಚು. 'ಇಂಥ ವಾರ್ಡಿನ 52ರ ವಿಧವೆ, ಮಗ ಗಲ್ಫಿನಲ್ಲಿ' ಎಂದು ಬರೆದರೆ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸಂಜೆಯೊಳಗೆ ಗುರುತು ಸಿಗುತ್ತದೆ. ವಾರ್ಡು ಬಿಡಿ, ಪ್ರಾಯ 'ಐವತ್ತರ ಆಸುಪಾಸು' ಸಾಕು, ಮಗನ ಸುದ್ದಿ ಬೇಡ. ಎಂಡೋಸಲ್ಫಾನ್ ಕೀಟನಾಶಕದ ಪ್ರಕರಣದಲ್ಲಿ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡದ್ದನ್ನು ಕಂಡ ಜಿಲ್ಲೆ ನಮ್ಮದು. ಅಧ್ಯಯನಕ್ಕೆ ಕೊಟ್ಟ ಒಪ್ಪಿಗೆ ಫೋಟೋ ಹಾಕುವುದಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಅದನ್ನು ಬೇರೆಯೇ ಕೇಳಬೇಕು.

ಇನ್ನು ಜರ್ನಲ್. ಫಲಿತಾಂಶ, ಕೋಷ್ಟಕಗಳು ಮೊದಲೇ ಅಚ್ಚಾಗಿದ್ದರೆ ಕೆಲವು ಜರ್ನಲ್‌ಗಳು ಲೇಖನ ತೆಗೆದುಕೊಳ್ಳುವುದಿಲ್ಲ. ಸಮ್ಮೇಳನದಲ್ಲಿ ಸಾರಾಂಶ ಮಂಡಿಸಿದ್ದಕ್ಕೆ ಸಾಮಾನ್ಯವಾಗಿ ತಕರಾರಿರುವುದಿಲ್ಲ. ನೀವು ಕಳಿಸಲಿರುವ ಜರ್ನಲ್‌ನ ನಿಯಮ ಓದಿ. ಅದರಲ್ಲಿ ಅಚ್ಚಾಗುವತನಕ ವಿಷಯದ ಹಿನ್ನೆಲೆ, ಅಧ್ಯಯನ ನಡೆಸಿದ ಬಗೆ ಇಷ್ಟನ್ನೇ ಬರೆಯಿರಿ. ಜರ್ನಲ್‌ನಲ್ಲಿ ಬಂದ ಮೇಲೆ ಅದರ ಚಿತ್ರಗಳನ್ನು ಹಾಗೇ ಎತ್ತಿ ಹಾಕಬೇಡಿ, ಹಕ್ಕು ಅವರದ್ದಾಗಿರಬಹುದು. ಗೈಡ್‌ಗೆ ಕರಡು ತೋರಿಸಿ, ಜೊತೆ ಕೆಲಸ ಮಾಡಿದವರ ಹೆಸರು ಬಿಡಬೇಡಿ.

ಕಳಿಸುವ ಮುಂಚೆ ಆಶಾ ಕಾರ್ಯಕರ್ತೆಯೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, 'ಏನು ಅರ್ಥವಾಯಿತು?' ಎಂದು ಅವರ ಬಾಯಲ್ಲೇ ಹೇಳಿಸಿ. 'ಹಾಗಾದರೆ ಬೀಡಿ ಬಿಟ್ಟರೆ ಬಿಪಿ ಇಳಿಯುತ್ತದಲ್ಲ' ಎಂದರೆ, ಬೀಡಿಗೂ ಬಿಪಿಗೂ ಇರುವ ನಂಟಿನ ಬಗ್ಗೆ ನೀವು ಬರೆದ ಪ್ಯಾರಾ ತಿದ್ದಿ ಬರೆಯಿರಿ.