ಕಚೇರಿಯ ನೆಟ್‌ವರ್ಕ್ ಯಂತ್ರಗಳಿಗೆ ವಿಳಾಸ ಕೊಡುವ ಹಳೆಯ ಪದ್ಧತಿಯಾದ ಐಪಿವಿ4ರಲ್ಲೇ ಚೆನ್ನಾಗಿ ನಡೆಯುತ್ತಿರುವಾಗ ಹೊಸದಾದ ಐಪಿವಿ6ಕ್ಕೆ ಹೋಗಲೇಬೇಕೆ? ಹೋಗುವುದಾದರೆ ಎಲ್ಲಿಂದ ಶುರು ಮಾಡಬೇಕು?

ಹೋಗಬೇಕೆ ಎಂದು ಕೇಳುತ್ತಿದ್ದೀರಿ, ಆದರೆ ನಿಮ್ಮ ಕಂಪ್ಯೂಟರುಗಳು ಆಗಲೇ ಅರ್ಧ ದಾರಿ ಹೋಗಿವೆ. ಈಗಿನ ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ಐಪಿವಿ6 ಚಾಲೂ ಸ್ಥಿತಿಯಲ್ಲೇ ಬರುತ್ತದೆ. ಯಾವುದಾದರೂ ಯಂತ್ರದ ನೆಟ್‌ವರ್ಕ್ ವಿವರ ತೆರೆಯಿರಿ: ‘ಎಫ್‌ಇ80’ ಎಂದು ಶುರುವಾಗುವ ವಿಳಾಸವೊಂದು ಕಾಣುತ್ತದೆ. ಅದನ್ನು ಯಾರೂ ಕೊಟ್ಟದ್ದಲ್ಲ, ಯಂತ್ರವೇ ಹಾಕಿಕೊಂಡದ್ದು. ಒಳಗಿನ ಯಾವುದೋ ಯಂತ್ರ ‘ನಾನೇ ರೂಟರ್’ ಎಂದು ಸಾರಿದರೆ ಉಳಿದವು ನಂಬಿಬಿಡುತ್ತವೆ. ಆದ್ದರಿಂದ ನನ್ನ ಮೊದಲ ಸಲಹೆ, ಇವತ್ತೇ ಸ್ವಿಚ್‌ಗಳಲ್ಲಿ ಇಂಥ ಸುಳ್ಳು ಸಾರಿಕೆಯನ್ನು ತಡೆಯುವ ಆರ್‌ಎ ಗಾರ್ಡ್ ಹಾಕಿ. ಐಪಿವಿ6 ಬೇಡವೆನ್ನುವವರಿಗೂ ಇದು ಬೇಕು.

ಐಪಿವಿ6ಕ್ಕೆ ಹೋಗಬೇಕಾದ ಕಾರಣ ನಿಮಗೆ ಗೊತ್ತಿರುವುದೇ. ಐಪಿವಿ4ರ 32 ಬಿಟ್‌ಗಳಲ್ಲಿ ಹಿಡಿಯುವುದು ಸುಮಾರು 429 ಕೋಟಿ ವಿಳಾಸ. ಜಗತ್ತಿಗೆಲ್ಲ ವಿಳಾಸ ಹಂಚುವ ಐಎಎನ್‌ಎ ಸಂಸ್ಥೆಯ ಬಳಿಯಿದ್ದ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಅಂದಿನಿಂದ, ಹಲವು ಯಂತ್ರಗಳು ಒಂದೇ ಹೊರವಿಳಾಸ ಹಂಚಿಕೊಳ್ಳುವ ನ್ಯಾಟ್ ಮೇಲೆ ನ್ಯಾಟ್ ಹೇರಿ ದಿನ ದೂಡುತ್ತಿದ್ದೇವೆ.

ಇಂಟರ್‌ನೆಟ್ ಒದಗಿಸುವವರಿಂದ /48 ಗಾತ್ರದ (ಅಂದರೆ ಮೊದಲ 48 ಬಿಟ್ ಸ್ಥಿರವಾಗಿರುವ) ವಿಳಾಸ ಸಮೂಹ ಕೇಳಿ. ಅದರಲ್ಲಿ 65,536 ಉಪಜಾಲಗಳಾಗುತ್ತವೆ, ಪ್ರತಿಯೊಂದಕ್ಕೂ /64 ಕೊಡಿ. ಹಳೆಯ ಜಿಪುಣತನ ಇಲ್ಲಿ ಬೇಡ. ನಿಮ್ಮ ಐಟಿ ವಿಭಾಗದವರ ಉಪಜಾಲದಲ್ಲೇ ಮೊದಲು ಡ್ಯುಯಲ್ ಸ್ಟ್ಯಾಕ್ ಹಾಕಿ, ಅಂದರೆ ಎರಡೂ ಪ್ರೋಟೋಕಾಲ್‌ಗಳು ಜೊತೆಜೊತೆಗೆ ಓಡಲಿ. ತೊಂದರೆಯ ಬಿಸಿ ತಟ್ಟಬೇಕಾದವರು ಅವರೇ.

ನಿಜವಾದ ಕಷ್ಟ ರೂಟರ್‌ನಲ್ಲಿಲ್ಲ, ಫೈರ್‌ವಾಲ್ ನಿಯಮ ಬರೆಯುವವರ ಅಭ್ಯಾಸದಲ್ಲಿದೆ. ನೆಟ್‌ವರ್ಕಿನ ದೋಷ, ಸ್ಥಿತಿಯ ಸಂದೇಶಗಳನ್ನು ಸಾಗಿಸುವ ಐಸಿಎಂಪಿ ಎಂದರೆ ಅಪಾಯ, ಪೂರ್ತಿ ತಡೆ ಎಂದು ಕಲಿತವರು ಬಹಳ ಜನ. ಐಪಿವಿ6ರಲ್ಲಿ ನಡುವಿನ ರೂಟರ್‌ಗಳು ದತ್ತಾಂಶದ ದೊಡ್ಡ ಪ್ಯಾಕೆಟ್ಟನ್ನು ತುಂಡು ಮಾಡುವುದಿಲ್ಲ. ‘ಇದು ಹಿಡಿಸುವುದಿಲ್ಲ, ಚಿಕ್ಕದು ಕಳಿಸು’ ಎಂದು ಐಸಿಎಂಪಿವಿ6 ಮೂಲಕ ಹಿಂದಕ್ಕೆ ಹೇಳಿ ಕಳಿಸುತ್ತವೆ. ಆ ಮಾತನ್ನೇ ತಡೆದರೆ ವಿಚಿತ್ರ ರೋಗ ಹಿಡಿಯುತ್ತದೆ: ಪಿಂಗ್ (ಸಂಪರ್ಕವಿದೆಯೇ ಎಂದು ನೋಡುವ ಚಿಕ್ಕ ಪರೀಕ್ಷೆ) ಹೋಗುತ್ತದೆ, ಲಾಗಿನ್ ಪುಟ ತೆರೆಯುತ್ತದೆ, ದೊಡ್ಡ ಕಡತ ಮಾತ್ರ ನಡುವೆ ನಿಂತುಬಿಡುತ್ತದೆ. ಪಕ್ಕದ ಯಂತ್ರವನ್ನು ಹುಡುಕುವ ಕೆಲಸವೂ ಐಸಿಎಂಪಿವಿ6 ಮೇಲೆಯೇ ನಡೆಯುವುದರಿಂದ ಕಣ್ಣು ಮುಚ್ಚಿ ತಡೆಯಬೇಡಿ. ನ್ಯಾಟ್ ಇಲ್ಲದಿದ್ದರೆ ರಕ್ಷಣೆ ಹೋಯಿತು ಎಂಬ ಭಯವೂ ಬೇಡ. ಒಳಗಿನಿಂದ ಕೇಳದೆ ಹೊರಗಿನಿಂದ ಬರುವ ಸಂಪರ್ಕವನ್ನೆಲ್ಲ ನಿರಾಕರಿಸುವ ನಿಯಮ ಫೈರ್‌ವಾಲ್‌ನಲ್ಲಿದ್ದರೆ ಸಾಕು.

ತಂತ್ರಾಂಶಗಳನ್ನೂ ಜಾಲಾಡಿ. ವಿಳಾಸಕ್ಕೆ 15 ಅಕ್ಷರ ಮೀಸಲಿಟ್ಟ ಡೇಟಾಬೇಸ್‌ಗಳು ಎಲ್ಲೆಲ್ಲಿಯೂ ಸಿಗುತ್ತವೆ. ಪೂರ್ತಿ ಬರೆದ ಐಪಿವಿ6 ವಿಳಾಸಕ್ಕೆ 39 ಬೇಕು.

ಇನ್ನು ಪರೀಕ್ಷೆ. ‘ಎಲ್ಲವೂ ತೆರೆಯುತ್ತಿದೆ’ ಎಂಬ ಮಾತನ್ನು ನಂಬಬೇಡಿ. ಐಪಿವಿ6 ಕೆಟ್ಟಿದ್ದರೆ ಬ್ರೌಸರ್ ಕಾಲು ಸೆಕೆಂಡಿನಷ್ಟು ಕಾದು ಸದ್ದಿಲ್ಲದೆ ಐಪಿವಿ4ಕ್ಕೆ ಹೊರಳುತ್ತದೆ. ಐಪಿವಿ4 ಪೂರ್ತಿ ತೆಗೆದ ಒಂದು ಯಂತ್ರವನ್ನಿಟ್ಟುಕೊಂಡು ನೋಡಿದರೆ ಮಾತ್ರ ಸತ್ಯ ತಿಳಿಯುತ್ತದೆ.

ಐಪಿವಿ4 ಪೂರ್ತಿ ನಿಲ್ಲಿಸುವ ದಿನಾಂಕವನ್ನು ಈಗಲೇ ಗೊತ್ತು ಮಾಡಬೇಡಿ. 1983ರ ಜನವರಿ 1ರಂದು ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್ ಒಂದೇ ದಿನದ ಗಡುವಿಟ್ಟು ಇಂದಿನ ಟಿಸಿಪಿ/ಐಪಿ ಪ್ರೋಟೋಕಾಲ್‌ಗೆ ಬದಲಾಯಿತು, ಆದರೆ ಆಗ ಇದ್ದದ್ದು ಕೆಲವೇ ನೂರು ಕಂಪ್ಯೂಟರುಗಳು. ಹಳೆಯ ಪ್ರಿಂಟರ್, ಸಿಸಿಟಿವಿ, ಹಾಜರಾತಿ ಯಂತ್ರಗಳನ್ನು ಪ್ರತ್ಯೇಕ ಉಪಜಾಲಕ್ಕೆ ತಳ್ಳಿ, ಅಲ್ಲಿ ಐಪಿವಿ4 ಇರಲಿ. ಅವು ಕೆಟ್ಟಾಗ ಬದಲಿಗೆ ಕೊಳ್ಳುವ ಯಂತ್ರಕ್ಕೆ ಐಪಿವಿ6 ಕಡ್ಡಾಯವೆಂದು ಖರೀದಿ ವಿಭಾಗಕ್ಕೆ ಬರೆದು ಕೊಡಿ.