ವಾಸಿಯಾಯ್ತು ಅಂತಾರೆ, ಸುಸ್ತು ಮಾತ್ರ ಬಿಡ್ತಿಲ್ಲ

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ನಾಲ್ಕು ತಿಂಗಳಾಯಿತು. ಮೆಟ್ಟಿಲು ಹತ್ತಿದರೆ ಸುಸ್ತು, ಸುಮ್ನೆ ಕೂತರೆ ಅಳು. ನಾನು ಸೋಮಾರಿಯಾದೆನಾ?

ಉತ್ತರ: ಖಂಡಿತ ಇಲ್ಲಮ್ಮ. ಈ ಸುಸ್ತು ನಿದ್ದೆ ಮಾಡಿದರೂ ಹೋಗುವಂಥದ್ದಲ್ಲ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮೊದಲು ನಿಮ್ಮ ಡಾಕ್ಟರ್‌ಗೆ ಹೇಳಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ, ರಕ್ತ ಕಡಿಮೆಯಿದ್ದರೆ ಅದಕ್ಕೆ ಮದ್ದಿದೆ. ಆಮೇಲೆ ನಡಿಗೆ. ಮಲಗಿಯೇ ಇದ್ದರೆ ಸುಸ್ತು ಇನ್ನೂ ಜಾಸ್ತಿಯಾಗುತ್ತದೆ, ಹಾಗಾಗಿ ದಿನಾ ಹತ್ತು ನಿಮಿಷ ಅಂಗಳದಲ್ಲೇ ಶುರು ಮಾಡಿ. ಆಪರೇಷನ್ ಆದ ಕಡೆಯ ಕೈ ಊದಿದರೆ ಕಾಯಬೇಡಿ, ತೋರಿಸಿ.

ಅಳು ಬಂದರೆ ಅಳಿ. ಆಸ್ಪತ್ರೆ ಓಡಾಟದಲ್ಲಿ ಹೆದರಲೂ ಪುರುಸೊತ್ತು ಇರಲಿಲ್ಲ ಅಲ್ವಾ, ಆ ಭಯ ಈಗ ಹೊರಗೆ ಬರುತ್ತಿರಬಹುದು. ಎರಡು ವಾರವಾದರೂ ಮಂಕು ಕವಿದೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.