ಬರಹಗಾರರಿಗೆ ಸಲಹೆ: ಪ್ರಶ್ನೆಯನ್ನು ಬದಲಿಸಿದವರು ಯಾರು?

ಆತ್ಮೀಯರೇ,

ಆಟಿಸ್ಟಿಕ್, ಅಂದರೆ ಆಟಿಸಂ (ಸ್ವಲೀನತೆ) ಇರುವ ವ್ಯಕ್ತಿಗಳನ್ನೇ ಸಹಸಂಶೋಧಕರನ್ನಾಗಿ ಮಾಡಿಕೊಂಡು ನಿಮ್ಮ ತಂಡ ನಡೆಸಿದ ಆಟಿಸಂ ಅಧ್ಯಯನದ ಕುರಿತ ಲೇಖನ ತಲುಪಿತು. ಎರಡು ಬಾರಿ ಓದಿದೆ. ವಿಷಯ ಮಹತ್ವದ್ದು, ಮಾಹಿತಿ ಖಚಿತವಾಗಿದೆ, ಭಾಷೆಯಲ್ಲಿ ತಪ್ಪುಗಳಿಲ್ಲ. ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಿಂದಿರುಗಿಸುವ ಲೇಖನಗಳಿಗೆ ನಾನು ನಾಲ್ಕು ಸಾಲಿಗಿಂತ ಹೆಚ್ಚು ಬರೆಯುವುದು ಅಪರೂಪ. ನಿಮಗೆ ಇಷ್ಟು ದೀರ್ಘವಾಗಿ ಬರೆಯಲು ಕಾರಣ ಐದನೆಯ ಪುಟದ ಒಂದು ಪ್ಯಾರಾ. ನಿಮ್ಮ ಒಪ್ಪಿಗೆಯಂತೆ ಅದನ್ನು ಇಲ್ಲಿ ಹಾಗೆಯೇ ಎತ್ತಿ ಬರೆಯುತ್ತೇನೆ.

"ಆರಂಭದಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ತರಬೇತಿಯ ಪರಿಣಾಮವನ್ನು ಅಳೆಯಲು ಉದ್ದೇಶಿಸಲಾಗಿತ್ತು. ಆಟಿಸಂನಿಂದ ಬಳಲುತ್ತಿರುವ ಸಹಸಂಶೋಧಕರೊಂದಿಗೆ ಸಭೆ ನಡೆಸಲಾಯಿತು. ಅವರಿಂದ ಅಮೂಲ್ಯ ಸಲಹೆಗಳನ್ನು ಪಡೆಯಲಾಯಿತು. ಇಂತಹ ತರಬೇತಿಯಿಂದ ಯಾರಿಗೆ ಅನುಕೂಲ ಎಂಬ ಪ್ರಶ್ನೆಯೂ ಕೇಳಿಬಂದ ಹಿನ್ನೆಲೆಯಲ್ಲಿ ಅಧ್ಯಯನದ ಉದ್ದೇಶವನ್ನು ಪರಿಷ್ಕರಿಸಲಾಯಿತು."

ನಾಲ್ಕು ವಾಕ್ಯಗಳಿವೆ. ನಾಲ್ಕೂ ಕ್ರಿಯಾಪದಗಳು ಒಂದೇ ಬಗೆಯವು, ನಾಲ್ಕರಲ್ಲೂ ಕೆಲಸ ನಡೆದಿದೆ, ಒಂದರಲ್ಲೂ ಕೆಲಸ ಮಾಡಿದವರಿಲ್ಲ. ಕಚೇರಿಯ ನಡಾವಳಿಯಲ್ಲಿ ಇದು ನಡೆಯುತ್ತದೆ. ಯಾರ ದನಿಗೆ ಸಂಶೋಧನೆಯಲ್ಲಿ ಜಾಗ ಸಿಗಬೇಕು ಎಂದು ವಾದಿಸುವ ಲೇಖನದಲ್ಲಿ ನಡೆಯುವುದಿಲ್ಲ.

ಮೊದಲ ವಾಕ್ಯವನ್ನು ತೆಗೆದುಕೊಳ್ಳಿ. ಉದ್ದೇಶಿಸಿದವರು ಯಾರು, ಯಾವಾಗ? ಸಾಮಾನ್ಯವಾಗಿ ಧನಸಹಾಯ ಕೋರಿ ಅರ್ಜಿ ಬರೆಯುವ ಹೊತ್ತಿಗೇ ಪ್ರಶ್ನೆ, ವಿಧಾನ, ಭಾಗವಹಿಸುವವರ ಸಂಖ್ಯೆ ಎಲ್ಲವನ್ನೂ ನಿಗದಿಪಡಿಸಿ ತೋರಿಸಬೇಕಾಗುತ್ತದೆ. ಹಣ ಬರುವುದು ಅದಾದ ಮೇಲೆ. ಆದ್ದರಿಂದ ಪ್ರಶ್ನೆಯನ್ನು ರೂಪಿಸುವ ಹಂತದಲ್ಲಿ ಆಟಿಸ್ಟಿಕ್ ವ್ಯಕ್ತಿಗಳನ್ನು ಕರೆದು ಅವರ ಸಮಯಕ್ಕೆ ಸಂಭಾವನೆ ಕೊಡಲು ತಂಡದ ಬಳಿ ದುಡ್ಡಿರುವುದಿಲ್ಲ, ದುಡ್ಡು ಬಂದು ಅವರನ್ನು ಕರೆಯುವ ವೇಳೆಗೆ ಪ್ರಶ್ನೆ ಗಟ್ಟಿಯಾಗಿಬಿಟ್ಟಿರುತ್ತದೆ. ನಿಮ್ಮ ಇಡೀ ಲೇಖನ ಸುತ್ತುವುದು ಈ ಗಂಟಿನ ಸುತ್ತ. ಅದನ್ನು ನೀವು "ಉದ್ದೇಶಿಸಲಾಗಿತ್ತು" ಎಂಬ ಒಂದು ಪದದೊಳಗೆ ಮುಚ್ಚಿಟ್ಟಿದ್ದೀರಿ.

ಎರಡನೆಯ ವಾಕ್ಯದಲ್ಲಿ "ಬಳಲುತ್ತಿರುವ" ಎಂಬ ಪದ "ಸಹಸಂಶೋಧಕ" ಎಂಬ ಪದದ ಪಕ್ಕದಲ್ಲೇ ಕುಳಿತಿದೆ. ಇದು ನನ್ನನ್ನು ನಿಜಕ್ಕೂ ನೋಯಿಸಿತು. ಜೊತೆಗೆ ಕೂತು ಕೆಲಸ ಮಾಡಿದವರನ್ನು ಅದೇ ಉಸಿರಿನಲ್ಲಿ ರೋಗಿಯನ್ನಾಗಿ ಮಾಡಿದ್ದೀರಿ. ಬ್ರಿಟನ್ನಿನಲ್ಲಿ 3470 ಜನರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವೇ ಉಲ್ಲೇಖಿಸಿದ್ದೀರಿ. "ಆಟಿಸ್ಟಿಕ್" ಎಂಬ ಪದವನ್ನು ಆಟಿಸ್ಟಿಕ್ ವಯಸ್ಕರು ಹೆಚ್ಚಾಗಿ ಒಪ್ಪಿದರು, ವೃತ್ತಿಪರರು ಅಷ್ಟಾಗಿ ಒಪ್ಪಲಿಲ್ಲ, ಎಲ್ಲರೂ ಒಪ್ಪುವ ಒಂದೇ ಪದ ಸಿಗಲಿಲ್ಲ ಎಂಬುದು ಅದರ ಸಾರ. ಅದನ್ನು ಓದಿದವರು ತಮ್ಮ ಸಹೋದ್ಯೋಗಿಗಳನ್ನು "ನಿಮ್ಮನ್ನು ಏನೆಂದು ಬರೆಯಲಿ?" ಎಂದು ಒಂದು ಮಾತು ಕೇಳಬಹುದಿತ್ತು.

ಮೂರನೆಯ ವಾಕ್ಯದ "ಅಮೂಲ್ಯ ಸಲಹೆಗಳು" ಯಾವುವು? ಒಂದನ್ನಾದರೂ ಹೇಳಿ, ಇಲ್ಲವಾದರೆ ವಾಕ್ಯವನ್ನೇ ತೆಗೆಯಿರಿ.

ಇನ್ನು ನಾಲ್ಕನೆಯದು. ಪ್ರಶ್ನೆ "ಕೇಳಿಬಂತು" ಎಂದಿದ್ದೀರಿ, ಎಲ್ಲಿಂದಲೋ ಬಂದ ದನಿಯ ಹಾಗೆ. ಅದನ್ನು ಕೇಳಿದವರು ಒಬ್ಬ ಮಹಿಳೆ. ಆಕೆ ಸಭೆಯಲ್ಲಿ ಬಾಯಿಬಿಟ್ಟು ಮಾತನಾಡದೆ ಚಾಟ್‌ನಲ್ಲಿ ಟೈಪ್ ಮಾಡಿದ ಸಾಲುಗಳನ್ನು ಪುಟದ ತಳದಲ್ಲಿ, ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಿ ಕೊಟ್ಟಿದ್ದೀರಿ: "ನಾನು ನಿಮ್ಮ ಕಣ್ಣು ನೋಡುತ್ತಿರುವಾಗ ನಿಮ್ಮ ಮಾತು ನನಗೆ ಅರ್ಥವಾಗುವುದಿಲ್ಲ. ನಾನು ನಿಮ್ಮನ್ನು ನೋಡಬೇಕೋ, ಕೇಳಿಸಿಕೊಳ್ಳಬೇಕೋ?"

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಿಮ್ಮ ಲೇಖನ ಇರುವುದು ಇಲ್ಲಿ. ಎರಡನೆಯ ಪುಟದಲ್ಲಿ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಿಚಾರವನ್ನು, ಅಂದರೆ ಆಟಿಸ್ಟಿಕ್ ಮತ್ತು ಆಟಿಸ್ಟಿಕ್ ಅಲ್ಲದವರ ನಡುವೆ ಅರ್ಥವಾಗದಿರುವಿಕೆ ಎರಡೂ ಕಡೆಯದು, ಒಂದೇ ಕಡೆಯ ಕೊರತೆಯಲ್ಲ ಎಂಬುದನ್ನು, ಚೆನ್ನಾಗಿಯೇ ವಿವರಿಸಿದ್ದೀರಿ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 72 ಜನರನ್ನು ಎಂಟೆಂಟು ಮಂದಿಯ ಸರಪಳಿಗಳಾಗಿ ಮಾಡಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಿದ್ದನ್ನೂ ಹೇಳಿದ್ದೀರಿ. ಆಟಿಸ್ಟಿಕ್ ವ್ಯಕ್ತಿಗಳಷ್ಟೇ ಇದ್ದ ಸರಪಳಿಗಳಲ್ಲಿ ಕಥೆ ಉಳಿದವರ ಸರಪಳಿಗಳಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು, ಇಬ್ಬರೂ ಬೆರೆತ ಸರಪಳಿಗಳಲ್ಲಿ ಹೆಚ್ಚು ವಿವರಗಳು ಕಳೆದುಹೋದವು. ಇಷ್ಟೆಲ್ಲ ಬಲ್ಲ ನೀವು, ಅದೇ ಸಂಗತಿ ನಿಮ್ಮ ಸಭೆಯಲ್ಲಿ ನಿಮ್ಮ ಕಣ್ಣೆದುರು ನಡೆದಾಗ ಅದನ್ನು ಅಡಿಟಿಪ್ಪಣಿಗೆ ಇಳಿಸಿದ್ದೀರಿ.

ಈ ತಪ್ಪು ನನಗೆ ಇಷ್ಟು ಚುಚ್ಚಲು ಕಾರಣವಿದೆ. ನಾನು ಉಪಸಂಪಾದಕನಾಗಿ ಸೇರಿದ ವರ್ಷ ಮಾತು ಬಾರದ ಮಕ್ಕಳ ವಸತಿಶಾಲೆಯೊಂದರ ಬಗ್ಗೆ ದೊಡ್ಡ ಲೇಖನ ಬರೆದು ಹೆಮ್ಮೆಯಿಂದ ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಅದರಲ್ಲಿ ಮಾತನಾಡಿದವರ ಹೆಸರುಗಳ ಕೆಳಗೆಲ್ಲ ಗೆರೆ ಎಳೆಯುತ್ತ ಹೋದರು: ಮುಖ್ಯೋಪಾಧ್ಯಾಯರು, ವೈದ್ಯರು, ದಾನಿಗಳು, ಒಬ್ಬ ತಾಯಿ. ಕೊನೆಗೆ, "ಮಕ್ಕಳು ಏನು ಹೇಳಿದರು?" ಎಂದು ಕೇಳಿದರು. "ಅವರಿಗೆ ಮಾತು ಬರುವುದಿಲ್ಲ ಸರ್" ಎಂದೆ. "ಮಾತು ಬಾರದವರು ಏನೂ ಹೇಳುವುದಿಲ್ಲ ಅಂತ ನಿನಗೆ ಯಾರಯ್ಯ ಹೇಳಿದರು? ನಾಳೆ ಮತ್ತೆ ಹೋಗಿ ಬಾ" ಎಂದರು. ಮರುದಿನ ಹೋಗಿ ಸಂಜೆಯವರೆಗೂ ಸುಮ್ಮನೆ ಕುಳಿತೆ. ಹತ್ತು ವರ್ಷದ ಹುಡುಗನೊಬ್ಬ ನನ್ನ ತೋಳು ಹಿಡಿದು ಕೈತೊಳೆಯುವ ತೊಟ್ಟಿಯ ಬಳಿಗೆ ಕರೆದೊಯ್ದ. ಸೋರುತ್ತಿದ್ದ ನಲ್ಲಿಯ ಕೆಳಗೆ ಒಂದು ಬಟ್ಟೆಯ ಮುದ್ದೆಯಿತ್ತು. ಅವನು ಅದನ್ನು ಎತ್ತಿದ, ಹನಿ ತೊಟ್ಟಿಗೆ ಬಿದ್ದು ಟಕ್ ಎಂದಿತು, ಅವನು ಕಿವಿ ಮುಚ್ಚಿಕೊಂಡ. ಬಟ್ಟೆಯನ್ನು ಮತ್ತೆ ಅಲ್ಲೇ ಇಟ್ಟು ನನ್ನ ಮುಖ ನೋಡಿದ. ನನ್ನ ಮೊದಲ ಕರಡಿನಲ್ಲಿ ಆ ಬಟ್ಟೆ "ತೊಟ್ಟಿಯಲ್ಲಿ ಕೊಳಕು ಬಟ್ಟೆಗಳನ್ನು ಎಸೆಯಲಾಗಿತ್ತು" ಎಂದು ದಾಖಲಾಗಿತ್ತು. ಯಾರು ಇಟ್ಟರು, ಏಕೆ ಇಟ್ಟರು ಎಂದು ಕೇಳಿಕೊಳ್ಳುವ ಅಗತ್ಯವನ್ನೇ ಆ ಕ್ರಿಯಾಪದ ತಪ್ಪಿಸಿತ್ತು.

ಆದ್ದರಿಂದ "ಲಾಯಿತು"ಗಳನ್ನು ತೆಗೆದು "ನಾವು" ಎಂದು ಸೇರಿಸಿದರೆ ಸಾಕು ಎಂದೂ ಭಾವಿಸಬೇಡಿ. ತಮಿಳು, ತೆಲುಗುಗಳಲ್ಲಿ ಎದುರಿನವರನ್ನು ಒಳಗೊಂಡ "ನಾವು" ಬೇರೆ, ಹೊರಗಿಟ್ಟ "ನಾವು" ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ನಮ್ಮ "ನಾವು" ಯಾರನ್ನು ಹೊರಗಿಟ್ಟಿದೆ ಎಂಬುದು ಬರೆಯುವವರಿಗೇ ಕಾಣುವುದಿಲ್ಲ. ನೀವು "ನಾವು" ಎಂದಿರುವ ಒಂಬತ್ತು ಕಡೆಯೂ ಅದು ವೇತನ ಪಡೆಯುವ ಸಂಶೋಧಕರನ್ನಷ್ಟೇ ಸೂಚಿಸುತ್ತದೆ. ನಿರ್ಧಾರಗಳಲ್ಲಿ ಜನರಿಗೆ ಎಷ್ಟು ಪಾಲು ಸಿಗುತ್ತದೆ ಎಂಬುದನ್ನು ತೋರಿಸಲು ಶೆರಿ ಆರ್ನ್‌ಸ್ಟೀನ್ 1969ರಲ್ಲಿ ವಿವರಿಸಿದ ಎಂಟು ಮೆಟ್ಟಿಲುಗಳ ಏಣಿಯನ್ನು ಉಲ್ಲೇಖಿಸಿದ್ದೀರಲ್ಲ, ನಿಮ್ಮ ಸಭೆ ಅದರಲ್ಲಿ ಎಲ್ಲಿ ನಿಂತಿತ್ತು? ಅಭಿಪ್ರಾಯ ಕೇಳುವುದು ನಾಲ್ಕನೆಯ ಮೆಟ್ಟಿಲು, ಅದನ್ನು ಆರ್ನ್‌ಸ್ಟೀನ್ ತೋರಿಕೆಯ ಪಾಲ್ಗೊಳ್ಳುವಿಕೆಯ ಸಾಲಿಗೇ ಸೇರಿಸುತ್ತಾರೆ. ಪಾಲುದಾರಿಕೆ ಆರನೆಯದು. ಆ ಮಹಿಳೆಯ ಎರಡು ಸಾಲುಗಳಿಂದ ಅಧ್ಯಯನದ ಉದ್ದೇಶವೇ ಬದಲಾದ ದಿನ ನಿಮ್ಮ ತಂಡ ನಾಲ್ಕರಿಂದ ಆರಕ್ಕೆ ಏರಿತೆಂದು ನನಗೆ ಅನ್ನಿಸುತ್ತದೆ. ಆದರೆ ಅದನ್ನು ಹೇಳಬೇಕಾದವರು ನೀವು ಮತ್ತು ಆಕೆ.

ಇನ್ನೊಂದೇ ಮಾತು. ಕೊನೆಯ ಪುಟದಲ್ಲಿ "ಆರಂಭಿಕ ಹಂತದ ಸಂಶೋಧಕರಿಗೆ ಸೂಕ್ತ ಬೆಂಬಲವನ್ನು ಒದಗಿಸಬೇಕಾಗಿದೆ" ಎಂದು ಬರೆದಿದ್ದೀರಿ. ಅದೇ ಲಕೋಟೆಯಲ್ಲಿದ್ದ ನಿಮ್ಮ ಪತ್ರ ಬೇರೆಯದೇ ಹೇಳುತ್ತದೆ. ನಿಮ್ಮ ಗುತ್ತಿಗೆ ಎರಡು ವರ್ಷದ್ದು. ಸಹಸಂಶೋಧಕರ ವಿಶ್ವಾಸ ಗಳಿಸಲು ಎಂಟು ತಿಂಗಳು ಹೋಯಿತು. ಉದ್ದೇಶ ಬದಲಾದದ್ದರಿಂದ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಅನುಮತಿಯನ್ನು ಹೊಸದಾಗಿ ಪಡೆಯಬೇಕಾಯಿತು. ಸಹಸಂಶೋಧಕರು ನೌಕರರೂ ಅಲ್ಲ, ಸರಕು ಪೂರೈಸುವವರೂ ಅಲ್ಲವಾದ್ದರಿಂದ ಲೆಕ್ಕಪತ್ರ ವಿಭಾಗ ಅವರ ಸಂಭಾವನೆಯನ್ನು ಯಾವ ಶೀರ್ಷಿಕೆಯಡಿ ಕೊಡುವುದೆಂದು ತಿಳಿಯದೆ ತಡೆಹಿಡಿದಾಗ ನೀವು ನಿಮ್ಮ ಸಂಬಳದಿಂದ ಕೊಟ್ಟಿರಿ. ಅಷ್ಟರಲ್ಲಿ ನಿಮ್ಮ ಜೊತೆಗೇ ಕೆಲಸಕ್ಕೆ ಸೇರಿದ ಇತರ ಸಂಶೋಧಕರು ಮೂರು ಪ್ರಬಂಧ ಪ್ರಕಟಿಸಿದ್ದರು.

ಇವುಗಳಲ್ಲಿ ಒಂದೂ ಲೇಖನದಲ್ಲಿಲ್ಲ. ಏಕಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ: ಗುತ್ತಿಗೆ ಮುಂದುವರಿಯಬೇಕು, ಮಾರ್ಗದರ್ಶಕರು ಬೇಸರಪಡಬಾರದು. ಸಂಸ್ಥೆಯ ಹೆಸರಾಗಲಿ ಮಾರ್ಗದರ್ಶಕರ ಹೆಸರಾಗಲಿ ನನಗೆ ಬೇಡ. ಆದರೆ ಎಂಟು ತಿಂಗಳು ಬೇಕು, ಸಂಬಳದಿಂದ ಕೊಟ್ಟ ಹಣ ಬೇಕು. ಅಮೆರಿಕದಲ್ಲಿ ವಿದ್ವಾಂಸರೂ ಆಟಿಸ್ಟಿಕ್ ಸಮುದಾಯದವರೂ ಕೂಡಿ 2006ರಲ್ಲಿ ಆರಂಭಿಸಿದ ಆಸ್ಪೈರ್ ಬಳಗ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಪಾತ್ರಗಳ ಸ್ಪಷ್ಟತೆ, ಅಧಿಕಾರದ ಹಂಚಿಕೆ, ವಿಶ್ವಾಸ, ನ್ಯಾಯವಾದ ಸಂಭಾವನೆ ಎಲ್ಲವನ್ನೂ ಕೇಳುತ್ತವೆ. ಇವೆಲ್ಲ ಸಮಯ ಬೇಡುವ ಕೆಲಸಗಳು, ಆ ಸಮಯವನ್ನು ತೆರುವವರು ಬಹಳ ಸಲ ತಂಡದ ಅತಿ ಕಿರಿಯರು. ಹಾಗಿರುವಾಗ ನಿಮ್ಮ ವಾಕ್ಯದ "ಬೆಂಬಲ" ಎಂದರೆ ಏನು? ವಿಶ್ವಾಸ ಗಳಿಸಿದ ತಿಂಗಳುಗಳನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದೇ? ಅರ್ಜಿಗೆ ಮೊದಲೇ ಸಮುದಾಯದವರನ್ನು ಕರೆಯಲು ಸಣ್ಣದೊಂದು ನಿಧಿಯೇ? ಪ್ರಶ್ನೆ ಬದಲಾದಾಗ ಸಮಿತಿಯ ಮುಂದೆ ನಿಮ್ಮ ಪರವಾಗಿ ನಿಲ್ಲುವ ಹಿರಿಯರೇ? ಒದಗಿಸಬೇಕಾದವರು ಧನಸಹಾಯ ನೀಡುವವರೋ, ವಿಶ್ವವಿದ್ಯಾಲಯವೋ, ಮಾರ್ಗದರ್ಶಕರೋ? ಒಂದೊಂದಕ್ಕೂ ಹೆಸರಿಟ್ಟು ಬರೆಯಿರಿ.

ಲೇಖನವನ್ನು ಐದನೆಯ ಪುಟದ ಸಭೆಯಿಂದ, ಚಾಟ್‌ನಲ್ಲಿ ಆ ಎರಡು ಸಾಲುಗಳು ಮೂಡಿದ ಗಳಿಗೆಯಿಂದ ಆರಂಭಿಸಿ. ನನಗೆ ಕಳುಹಿಸುವ ಮೊದಲು ಆಕೆಗೆ ಓದಲು ಕೊಡಿ, ಬೇಕಾದಷ್ಟು ದಿನ ಕೊಡಿ. ಆಕೆಯ ಮಾತು ಆಕೆಯ ಒಪ್ಪಿಗೆಯಿಂದಲೇ ಅಚ್ಚಾಗಬೇಕು. ಆಕೆ ಬಯಸಿದರೆ ಲೇಖಕರ ಜಾಗದಲ್ಲಿ ಇಬ್ಬರ ಹೆಸರನ್ನೂ ಹಾಕುತ್ತೇನೆ, ಸಂಭಾವನೆಯನ್ನೂ ಇಬ್ಬರಿಗೂ ಕಳುಹಿಸುತ್ತೇನೆ. ಮುಂದಿನ ಸಂಚಿಕೆಗೆ ಆಗದಿದ್ದರೆ ಅದರ ಮುಂದಿನದಕ್ಕೆ ಎತ್ತಿಡುತ್ತೇನೆ.

ಇಂತಿ,
ಸಂಪಾದಕ